ಇಳಿಜಾರಿನ ತೋಟದಲ್ಲಿ ಎಂಜಿನ್ ಆಯಿಲ್

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಸಮತಟ್ಟು ಜಾಗ ಸಿಗುವುದೇ ಅಪರೂಪ. ಹಾಗಾಗಿ ನಾನು ಯಂತ್ರ ಕೊಳ್ಳುವಾಗ ಅಶ್ವಶಕ್ತಿಗಿಂತ ಮೊದಲು ವಿಚಾರಿಸುವುದು ಅದರೊಳಗೆ ಆಯಿಲ್ ಹೇಗೆ ಓಡಾಡುತ್ತದೆ ಎಂದು.

ಕಳೆ ಕೊಚ್ಚುವ ಟೂ ಸ್ಟ್ರೋಕ್ ಯಂತ್ರದ ವಿಷಯ ಸರಳ. ಅದರಲ್ಲಿ ಆಯಿಲ್ ನಿಲ್ಲುವ ಜಾಗವೇ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಎಂಜಿನಿನ ಬುಡದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಮೂಲಕ ಹಾದು, ಬೇರಿಂಗ್, ಪಿಸ್ಟನ್, ರಿಂಗುಗಳಿಗೆಲ್ಲ ಸವರಿಕೊಂಡು ಕೊನೆಗೆ ಸುಟ್ಟುಹೋಗುತ್ತದೆ. ಯಂತ್ರವನ್ನು ಎಷ್ಟು ಓರೆಯಾಗಿ ಹಿಡಿದರೂ ಚಿಂತೆಯಿಲ್ಲ. ನನ್ನದಕ್ಕೆ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದೇ ಹಾಕುತ್ತೇನೆ. ‘ತುಸು ಜಾಸ್ತಿ ಬಿದ್ದರೆ ಒಳ್ಳೆಯದೇ ಅಲ್ಲವೇ’ ಎಂದು ಕೆಲಸದವರು ಕೇಳುವುದುಂಟು. ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿನ ಜಾಲರಿಗೆ ಇಂಗಾಲ.

ತಲೆನೋವೆಲ್ಲ ಹಳ್ಳದ ದಡದಲ್ಲಿಡುವ ಫೋರ್ ಸ್ಟ್ರೋಕ್ ಪಂಪಿನದು. ಅದರಲ್ಲಿ ಆಯಿಲ್ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬುಡದಲ್ಲಿ ಚಮಚದಂಥ ಒಂದು ತುಂಡು ಇದೆ, ಅಷ್ಟೆ. ನಿಮಿಷಕ್ಕೆ 3600 ಸುತ್ತಿನಲ್ಲಿ ಅದು ಸೆಕೆಂಡಿಗೆ 60 ಸಲ ಆಯಿಲಿಗೆ ಬಡಿದು, ಚಿಮ್ಮಿಸಿ, ಕ್ರ್ಯಾಂಕ್‌ನಿಂದ ಹಿಡಿದು ವಾಲ್ವ್ ತೆರೆಸುವ ಕ್ಯಾಮ್‌ವರೆಗೆ ಎಲ್ಲವನ್ನೂ ನೆನೆಸುತ್ತದೆ. ಎಂಜಿನ್ ವಾಲಿತೋ, ಒಳಗಿರುವ ಅರ್ಧ ಲೀಟರ್ ಚಿಲ್ಲರೆ ಆಯಿಲ್ ಒಂದು ಮೂಲೆಗೆ ಸರಿಯುತ್ತದೆ. ಚಮಚಕ್ಕೆ ಸಿಗುವುದು ಬರೀ ಗಾಳಿ. ಕೈಪಿಡಿ 20 ಡಿಗ್ರಿಯವರೆಗೆ ಪರವಾಗಿಲ್ಲ ಎನ್ನುತ್ತದೆ. ನಮ್ಮ ದಡಗಳಿಗೆ ಆ ಲೆಕ್ಕ ಎಲ್ಲಿ ಗೊತ್ತು! ಅದಕ್ಕೇ ಗುದ್ದಲಿಯಿಂದ ದಡ ಕಡಿದು, ಹಲಗೆ ಹಾಸಿ, ಮುಕ್ಕಾಲು ನೀರು ತುಂಬಿದ ಬಾಟಲಿಯನ್ನು ಮಲಗಿಸಿ ಮಟ್ಟ ನೋಡಿದ ಮೇಲೆಯೇ ಪಂಪ್ ಕೂರಿಸುತ್ತೇನೆ. ಆಯಿಲಿನ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ಕನ್ನೂ ಅಲ್ಲಿಯೇ ಅದ್ದಿ ನೋಡಬೇಕು. ಈ ಎಂಜಿನಿನಲ್ಲಿ ಅದನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಸಿ ನೋಡುವುದು ಕ್ರಮ.

ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಒಂದು ಸ್ವಿಚ್ಚೂ ಇದರಲ್ಲಿದೆ. ಪಂಪ್ ವಾಲಿದಾಗ ಆಯಿಲ್ ಸಾಕಷ್ಟಿದ್ದರೂ ಅದು ಹಟ ಹಿಡಿಯಬಹುದು. ‘ಆ ವೈರ್ ಕಿತ್ತುಬಿಡಿ’ ಎನ್ನುವ ಮೆಕ್ಯಾನಿಕ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ನಾನು ಕೀಳುವುದಿಲ್ಲ, ಪಂಪನ್ನೇ ಸರಿಯಾಗಿ ಕೂರಿಸುತ್ತೇನೆ.

ಹೊಸ ಎಂಜಿನಿನ ಮೊದಲ ಆಯಿಲನ್ನು 20 ಗಂಟೆಗೆ ಬದಲಿಸಿದೆ. ಇಳಿಸಿದ್ದನ್ನು ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗೆ ಓರೆ ಮಾಡಿದರೆ ಕಪ್ಪಿನ ನಡುವೆ ಬೆಳ್ಳಿಪುಡಿಯಂತೆ ಲೋಹದ ಚೂರುಗಳು ಮಿನುಗುತ್ತವೆ. ಆಮೇಲೆ 100 ಗಂಟೆಗೊಮ್ಮೆ ಸಾಕೆಂದು ಕೈಪಿಡಿಯಲ್ಲಿದೆ. ಫಿಲ್ಟರ್ ಇಲ್ಲದ್ದರಿಂದ ನಾನು 50 ಗಂಟೆಗೇ ಬದಲಿಸುತ್ತೇನೆ. ಇಳಿಸಿದ ಆಯಿಲನ್ನು ಮರ ಕೊಯ್ಯುವ ಗರಗಸದ ಚೈನಿಗೆ ಸುರಿಯುವವರಿದ್ದಾರೆ. ಆ ಲೋಹದ ಪುಡಿ ಚೈನನ್ನೂ ಅದು ಓಡುವ ಪಟ್ಟಿಯಾದ ಬಾರನ್ನೂ ಸವೆಸುತ್ತದೆ, ಚೈನಿಗೆ ಬೇರೆಯದೇ ಆಯಿಲ್ ತರುತ್ತೇನೆ.