ಮೇಸ್ತ್ರಿ ದಾರದಲ್ಲಿ ಕೂತ ಟೋ

ಟೈರಿನ ಒಳ ಅಂಚಿನಲ್ಲಿ ತಂತಿ ಕಂಡಾಗ ಓಡಿದ್ದು ಬರೀ 9 ಸಾವಿರ ಕಿ.ಮೀ. ಮುಂಭಾಗದ ಆ ಜೋಡಿ ಟೈರ್‌ಗೆ 11 ಸಾವಿರ ಚಿಲ್ಲರೆ ಕೊಟ್ಟಿದ್ದೆ. ನನ್ನ ಹಳೇ ಸ್ವಿಫ್ಟ್‌ಗೆ 185/70 ಆರ್14 ಟೈರ್ ತೆಗೆದು ಅಗಲದ 195/60 ಆರ್15 ಹಾಕಿಸಿ, ಸ್ಪ್ರಿಂಗ್ ಬದಲಿಸಿ ಗಾಡಿ 35 ಮಿ.ಮೀ. ಇಳಿಸಿದ್ದೆ. “ಇಳಿಸಿದ ಗಾಡೀಲಿ ಕ್ಯಾಂಬರ್ ಟೈರ್ ತಿನ್ನೋದೇ ಸಾರ್, ಹಳೇ ಸ್ಪ್ರಿಂಗ್ ಹಾಕ್ಸಿ” ಅಂದರು ಎಲ್ಲರೂ. ಕ್ಯಾಂಬರ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲೋದು. 3 ಸಲ ಕಂಪ್ಯೂಟರ್ ಅಲೈನ್‌ಮೆಂಟ್, ಸಲಕ್ಕೆ 500. ಸ್ಕ್ರೀನ್ ಹಸಿರು, ಟೈರ್ ಮಾತ್ರ ಸವೀತಾನೇ ಇತ್ತು.

ತೂಗುಗುಂಡು ಬಿಟ್ಟು ನೋಡಿದೆ. ರಿಮ್ಮಿನ 400 ಮಿ.ಮೀ.ಗೆ ಹತ್ತು ಮಿ.ಮೀ. ಒಳಕ್ಕೆ ವಾಲಿತ್ತು, ಅಂದರೆ ಮೈನಸ್ ಒಂದೂವರೆ ಡಿಗ್ರಿ. ಅಷ್ಟಕ್ಕೇ ತಂತಿ ಕಾಣಲ್ಲ. ಟ್ರೆಡ್ ಮೇಲೆ ಅಡ್ಡಕ್ಕೆ ಕೈ ಸವರಿದೆ: ಒಂದು ಕಡೆ ನುಣುಪು, ವಾಪಸ್ ಬಂದರೆ ಗರಗಸ. ಅದು ಟೋ ಮಾಡೋ ಕೆಲಸ, ಅಂದರೆ ಎರಡೂ ಚಕ್ರದ ಮೂತಿ ನೇರ ಇರದೆ ಒಳಕ್ಕೋ ಹೊರಕ್ಕೋ ತಿರುಗಿರೋದು.

ಮೊದಲ ಅಲೈನ್‌ಮೆಂಟ್ ಸ್ಪ್ರಿಂಗ್ ಹಾಕಿದ ಸಂಜೆಯೇ ಆಗಿತ್ತು. ಆಮೇಲೆ ಗಾಡಿ ಇನ್ನೂ 8 ಮಿ.ಮೀ. ಕೂತಿತು, ಜೊತೆಗೆ ಟೋ ಕೂಡ ಜರುಗಿತು. ಉಳಿದೆರಡು ಸಲ ಜಾಕ್ ಇಳಿಸಿದ ಕೂಡಲೇ ಅಳೆದರು. ಅಗಲದ ಟೈರ್ ನೆಲ ಕಚ್ಚಿಕೊಂಡು ಸಸ್ಪೆನ್ಷನ್ ಪೂರ್ತಿ ಇಳಿದಿರಲೇ ಇಲ್ಲ.

ಮನೆ ಶೆಡ್‌ನಲ್ಲಿ ಮೇಸ್ತ್ರಿಯ ಲೆವೆಲ್ ಪೈಪ್‌ನಿಂದ ನೆಲ ಸಮ ಮಾಡಿಕೊಂಡೆ. ಮುಂದಿನ ಚಕ್ರಗಳ ಕೆಳಗೆ ಎರಡೆರಡು ಟೈಲ್ಸ್, ಚಕ್ರ ಸಲೀಸಾಗಿ ಜಾರಲಿ ಅಂತ ನಡುವೆ ಗ್ರೀಸ್. ಡ್ರೈವರ್ ಸೀಟಲ್ಲಿ ಆಳಿನ ತೂಕಕ್ಕೆ 25 ಕೆ.ಜಿ.ಯ ಮೂರು ಸೋನಾ ಮಸೂರಿ ಮೂಟೆ. ಚಕ್ರದಿಂದ ದೂರ ಅಳೆಯಲು ಗಾಡಿಯ ಎರಡೂ ಬದಿ ನೇರಕ್ಕೆ ಮೇಸ್ತ್ರಿಯ ನೈಲಾನ್ ದಾರ. ಮೊದಲ ದಿನ ಹಿಂದಿನ, ಮುಂದಿನ ಟ್ರ್ಯಾಕ್ (ಎಡ-ಬಲ ಚಕ್ರಗಳ ನಡುವಿನ ಅಗಲ) ಒಂದೇ ಅಂದುಕೊಂಡು ದಾರ ಕಟ್ಟಿ ಇಡೀ ಭಾನುವಾರ ಹಾಳಾಯಿತು. ಸರಿಯಾಗಿ ಕಟ್ಟಿದಾಗ ಟೋ ಒಟ್ಟು ಮೂರೂವರೆ ಮಿ.ಮೀ. ಹೊರಕ್ಕಿತ್ತು!

ಕ್ಯಾಂಬರ್ ಮೊದಲು, ಟೋ ಆಮೇಲೆ. ಚಕ್ರ ಹಿಡಿದಿರುವ ನಕಲ್‌ನ ಬೋಲ್ಟ್ ಸಡಿಲಿಸಿ ಎರಡೂ ಬದಿ ಕ್ಯಾಂಬರ್ ಮೈನಸ್ ಒಂದು ಡಿಗ್ರಿ ಹತ್ತಿರಕ್ಕೆ ತಂದೆ. ಬಿಗಿ ಮಾಡುವಾಗ ಅದು ಜಾರದ ಹಾಗೆ ಹಿಡಿಯಲು ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಟೋ ತಿದ್ದಲು ಚಕ್ರವನ್ನು ತಿರುಗಿಸುವ ಟೈ ರಾಡ್ ಎರಡೂ ಬದಿ ಸಮವಾಗಿ ತಿರುಗಿಸಿದೆ, ಸಲಕ್ಕೆ ಕಾಲು ಸುತ್ತು, ಪ್ರತಿ ಸಲ ಗಾಡಿ ಹಿಂದೆ ಮುಂದೆ ತಳ್ಳಿ ಅಳತೆ.

ನಡುವೆ ಕುತೂಹಲಕ್ಕೆ ಟೋ ಸೊನ್ನೆ ಇಟ್ಟು ಹಾವೇರಿ ಕಡೆ ಹೈವೇಗೆ ಹೋದೆ. 90ರ ಮೇಲೆ ಸ್ಟೇರಿಂಗ್ ಹಿಡಿದೇ ಕೂರಬೇಕಾಯಿತು. ಟೈರ್‌ಗೆ 36 ಪಿಎಸ್‌ಐ ಹೊಡೆದೂ ನೋಡಿದೆ, ಹಂಪ್‌ನಲ್ಲಿ ಸೊಂಟ ಹಿಡೀತು, ಮತ್ತೆ 33ಕ್ಕೆ ಇಳಿಸಿದೆ. ಕೊನೆಗೆ ಟೋ ಒಟ್ಟು 1 ಮಿ.ಮೀ. ಒಳಕ್ಕೆ ನಿಲ್ಲಿಸಿದೆ.

ದಾರ, ಗ್ರೀಸ್, ಟೈಲ್ಸ್ ಸೇರಿ ಖರ್ಚು 400 ದಾಟಿಲ್ಲ. ಹೊಸ ಜೋಡಿ ಈಗ 14 ಸಾವಿರ ಓಡಿದೆ. ಒಳ ಅಂಚು, ಹೊರ ಅಂಚು ಎರಡರಲ್ಲೂ ಹೆಚ್ಚುಕಮ್ಮಿ 5 ಮಿ.ಮೀ. ಟ್ರೆಡ್ ಇದೆ. ಸ್ಪ್ರಿಂಗ್ ತೆಗೀರಿ ಅಂದಿದ್ದ ಮೆಕ್ಯಾನಿಕ್ ಹೋದ ವಾರ ಬಂದು ಟೈರ್ ಮೇಲೆ ಎರಡು ಸಲ ಕೈ ಸವರಿ ನೋಡಿದ.