ಮುರಕಲ್ಲಿನ ನೆಲಕ್ಕೆ ಎಷ್ಟು ಟ್ರಾವೆಲ್? ನಾನು 130ಕ್ಕೆ ನಿಂತ ಬಗೆ

ಉಡುಪಿಯಲ್ಲಿ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್, ಅಂದರೆ ಎರಡೂ ಚಕ್ರಕ್ಕೆ ಪೆಟ್ಟು ನುಂಗುವ ವ್ಯವಸ್ಥೆ ಇರುವ ಗುಡ್ಡಗಾಡಿನ ಸೈಕಲ್ ತಗೊಳ್ಳಲು ಹೊರಟವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಟ್ರಾವೆಲ್ ಎಷ್ಟು ಅಂತ ಕೇಳುತ್ತಾರೆ. ಪೆಟ್ಟು ಬಿದ್ದಾಗ ಚಕ್ರ ಎಷ್ಟು ಮಿಲಿಮೀಟರ್ ಮೇಲಕ್ಕೆ ಸರಿಯುತ್ತದೆ ಅನ್ನುವುದೇ ಟ್ರಾವೆಲ್. ಸಂಖ್ಯೆ ದೊಡ್ಡದಾದಷ್ಟು ಬೈಕ್ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಾನು ಹಿಂದಿನ ಚಕ್ರಕ್ಕೆ 130, ಮುಂದಿನದಕ್ಕೆ 140 ಮಿಲಿಮೀಟರ್ ಇರುವುದನ್ನು ಆರಿಸಿಕೊಂಡೆ. ಮಣಿಪಾಲದ ಗುಡ್ಡೆ, ಹಿರಿಯಡ್ಕದ ರಬ್ಬರ್ ತೋಟ, ಕಾರ್ಕಳದ ಬಂಡೆ ಎಲ್ಲದಕ್ಕೂ ಒಂದೇ ಬೈಕ್ ಇಟ್ಟುಕೊಳ್ಳುವವರಿಗೆ ಇದರ ಆಸುಪಾಸೇ ಸರಿ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಹೇಗೆ ಅಲ್ಲಿಗೆ ಬಂದೆ ಅನ್ನುವುದನ್ನು ಬರೆಯುತ್ತೇನೆ.

ಕಂಪನಿಗಳ ವಿಂಗಡಣೆ ಸುಮಾರಾಗಿ ಹೀಗಿದೆ. 100ರಿಂದ 120 ವೇಗವಾಗಿ ತುಳಿಯುವ ಕ್ರಾಸ್ ಕಂಟ್ರಿ, 120ರಿಂದ 150 ಏರು ಇಳಿತ ಎರಡಕ್ಕೂ ಆಗುವ ಟ್ರೈಲ್, 150ರಿಂದ 180 ಕಠಿಣ ಇಳಿಜಾರಿನ ಎಂಡ್ಯೂರೊ, 200 ಬಂದರೆ ಇಳಿಯುವುದಕ್ಕೇ ಮೀಸಲಾದ ಡೌನ್‌ಹಿಲ್. ಕೇಳಲಿಕ್ಕೆ ಸರಳ. ಆದರೆ ಗೆರೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಟ್ರೆಕ್ ಕಂಪನಿಯ ಫ್ಯೂಯಲ್ ಇಎಕ್ಸ್ ಬೈಕಿನ ಐದನೆಯ ತಲೆಮಾರಿನಲ್ಲಿ ಹಿಂದೆ 130, ಮುಂದೆ 140 ಇತ್ತು. ಆರನೆಯದಕ್ಕೆ ಬರುವಾಗ 140, 150 ಆಯಿತು. ಸ್ಪೆಷಲೈಸ್ಡ್‌ನವರು 2021ರಲ್ಲಿ ಸ್ಟಂಪ್‌ಜಂಪರ್ ಅನ್ನು 130-140ರಲ್ಲೂ ಅದರದ್ದೇ ಇವೊ ಮಾದರಿಯನ್ನು 150-160ರಲ್ಲೂ ಕೊಟ್ಟರು. ಎಲ್ಲವೂ ಟ್ರೈಲ್ ಬೈಕುಗಳೇ. ಹಾಗಾಗಿ ಬೋರ್ಡಿನ ಮೇಲಿನ ಹೆಸರು ನೋಡಿ ತೀರ್ಮಾನ ಮಾಡುವುದು ಸಾಧ್ಯವಿಲ್ಲ. ನಮ್ಮ ನೆಲ ಎಂಥದ್ದು ಅನ್ನುವುದರಿಂದಲೇ ಶುರು ಮಾಡಬೇಕು.

ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ನೆಲ. ಮಣಿಪಾಲದಿಂದ ಸ್ವರ್ಣಾ ನದಿಯ ಕಡೆಗೆ ಇಳಿಯುವ ಗುಡ್ಡೆಗಳಾಗಲಿ, ಮಂಗಳೂರಿನ ಕೊಣಾಜೆ, ಮುಡಿಪು ಕಡೆಯ ಪದವುಗಳಾಗಲಿ (ಗುಡ್ಡೆಯ ಮೇಲಿನ ಬೋಳು ಬಯಲು), ಮೇಲಿನ ಪದರ ನೀರ್ದೋಸೆಯ ಮೈಯ ಹಾಗೆ ತೂತು ತೂತು. ಆ ತೂತುಗಳ ಅಂಚು ಮಾತ್ರ ಗಟ್ಟಿ. ಚಕ್ರಕ್ಕೆ ಬೀಳುವುದು ಎರಡು ಮೂರು ಸೆಂಟಿಮೀಟರಿನ ಸಣ್ಣ ಪೆಟ್ಟು, ಆದರೆ ಬಿಡುವಿಲ್ಲದೆ ಬೀಳುತ್ತದೆ. ನಡುನಡುವೆ ಹಳೆಯ ಕಲ್ಲುಕೋರೆಗಳು ಸಿಗುತ್ತವೆ. ಯಂತ್ರದಲ್ಲಿ ಪದರ ಪದರವಾಗಿ ಕಲ್ಲು ತೆಗೆದ ಜಾಗ. ಒಂದೊಂದು ಕಲ್ಲಿನ ಎತ್ತರಕ್ಕೆ ಮೆಟ್ಟಿಲು ನಿಂತಿರುತ್ತದೆ, ಅಂಚು ಚೌಕಾಕಾರ. ನಿಜವಾದ ದೊಡ್ಡ ಪೆಟ್ಟು ನಮಗೆ ಅಲ್ಲೇ. (ಮಳೆಗಾಲದಲ್ಲಿ ಈ ಕೋರೆಗಳಲ್ಲಿ ಆಳೆತ್ತರ ನೀರು ತುಂಬಿರುತ್ತದೆ. ಗೊತ್ತಿಲ್ಲದ ಕೋರೆಯ ಅಂಚಿಗೆ ಬೈಕ್ ತರಲೇಬೇಡಿ.) ರಬ್ಬರ್ ತೋಟಗಳ ಒಳಗೆ ಮೆತ್ತನೆ ಮಣ್ಣು, ಅಡ್ಡಡ್ಡ ಬೇರು. ಅದು ಬಿಟ್ಟರೆ ಇಲ್ಲಿನ ಗುಡ್ಡೆಗಳೆಲ್ಲ ಗಿಡ್ಡ. ಐದು ನಿಮಿಷ ಉಸಿರು ಕಟ್ಟಿಸುವ ಏರು, ಒಂದೆರಡು ನಿಮಿಷದ ಇಳಿಜಾರು, ಮತ್ತೆ ಏರು. ಒಂದು ಬೆಳಗಿನ ಸವಾರಿಯಲ್ಲಿ ಹೆಚ್ಚಿನ ಹೊತ್ತು ಪೆಡಲು ತುಳಿಯುವುದರಲ್ಲೇ ಹೋಗುತ್ತದೆ.

ಈ ನೆಲದಲ್ಲಿ ಟ್ರಾವೆಲ್ ಎಷ್ಟು ಖರ್ಚಾಗುತ್ತದೆ ಅಂತ ಊಹಿಸುವುದರ ಬದಲು ಅಳೆದೇ ನೋಡೋಣ ಅನ್ನಿಸಿತು. ಅಳತೆಗೆ ಬೇರೆ ಉಪಕರಣ ಬೇಡ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕಾಲಿನ ಮೇಲೆ, ಹಿಂದಿನ ಪೆಟ್ಟು ನುಂಗುವ ಶಾಕಿನ ಕಂಬಿಯ ಮೇಲೆ ಒಂದು ರಬ್ಬರಿನ ಓ-ರಿಂಗ್ ಇರುತ್ತದೆ. ಅದನ್ನು ಕಂಬಿ ಒಳಹೋಗುವ ಬಾಯಿಯ ಸೀಲಿಗೆ ತಾಗುವಷ್ಟು ಕೆಳಗೆ ತಳ್ಳಿ ಸವಾರಿ ಮಾಡಿದರೆ, ಎಲ್ಲಿಯವರೆಗೆ ಒತ್ತಿಹೋಯಿತೋ ಅಲ್ಲಿಗೇ ಅದು ಹೋಗಿ ನಿಲ್ಲುತ್ತದೆ. ರಿಂಗ್ ಇಲ್ಲದಿದ್ದರೆ ಒಂದು ಜಿಪ್ ಟೈ ಸಡಿಲವಾಗಿ ಕಟ್ಟಿದರೂ ಆಯಿತು. ಗೆಳೆಯರಿಂದ ಬೈಕ್ ಎರವಲು ಪಡೆದೆ: ಒಬ್ಬರದ್ದು ಎರಡೂ ಕಡೆ 100 ಇರುವ ಕ್ರಾಸ್ ಕಂಟ್ರಿ, ಇನ್ನೊಬ್ಬರದ್ದು 160ರ ಎಂಡ್ಯೂರೊ, ಮತ್ತೊಂದು 130-140. ದಾರಿ ಮಾತ್ರ ಒಂದೇ: ಮುರಕಲ್ಲಿನ ಬಯಲು, ಕೋರೆಯ ಮೆಟ್ಟಿಲು, ತೋಟದ ಬೇರು, ಕಡೆಗೆ ಕಡಿದಾದ ಏರು. ಪ್ರತಿ ಬೈಕಿಗೂ ಮೊದಲು ಶಾಕ್, ಫೋರ್ಕಿನ ಒಳಗಿನ ಗಾಳಿಯನ್ನು ನನ್ನ ತೂಕಕ್ಕೆ ಹೊಂದಿಸಿಕೊಂಡೆ. ಇಷ್ಟು ಮಾಡದೆ ಬೈಕುಗಳನ್ನು ಹೋಲಿಸಿದರೆ ನಾವು ಹೋಲಿಸುವುದು ಗಾಳಿಯನ್ನು, ಟ್ರಾವೆಲ್ ಅನ್ನು ಅಲ್ಲ.

160ರ ಬೈಕ್ ಕೊಟ್ಟ ಗೆಳೆಯ ನನಗಿಂತ ಹಿರಿಯರು, ಪೆರ್ಡೂರು ಕಡೆಯವರು. "ಎಂಥ ಮಾರಾಯ್ರೆ, ಒಮ್ಮೆ ಇದರಲ್ಲಿ ಕೂತರೆ ಮತ್ತೆ ಚಿಕ್ಕದಕ್ಕೆ ಕೂರ್ಲಿಕ್ಕೆ ಮನಸ್ಸು ಬರುವುದಿಲ್ಲ ನಿಮಗೆ" ಅಂದರು. ಕೋರೆಯ ಮೆಟ್ಟಿಲಿನಲ್ಲಿ ಅವರ ಮಾತು ನಿಜವೇ, ಪೆಟ್ಟು ಬಿದ್ದದ್ದೇ ಗೊತ್ತಾಗಲಿಲ್ಲ. ಆದರೆ ಕೆಳಗೆ ಬಂದು ಓ-ರಿಂಗ್ ನೋಡಿದರೆ ಶಾಕಿನ ಮೂರನೇ ಒಂದು ಭಾಗ ಮುಟ್ಟದೆ ಹಾಗೇ ಉಳಿದಿತ್ತು. ಬಯಲಿನ ಮುರಕಲ್ಲಿನಲ್ಲಂತೂ ಅರ್ಧವೂ ಖರ್ಚಾಗಿರಲಿಲ್ಲ. 100ರ ಬೈಕಿನಲ್ಲಿ ಅದೇ ಮೆಟ್ಟಿಲಿಗೆ ರಿಂಗ್ ಕೊನೆ ಮುಟ್ಟಿತ್ತು, ಠಣ್ ಅಂತ ಸದ್ದೂ ಬಂತು. 130ರದ್ದು ಕೊನೆಯ ಹತ್ತು ಮಿಲಿಮೀಟರನ್ನು ಮೆಟ್ಟಿಲಿಗೆ ಇಟ್ಟುಕೊಂಡು ಉಳಿದದ್ದನ್ನು ದಾರಿಯುದ್ದಕ್ಕೂ ಬಳಸಿತ್ತು. ನನಗೆ ಬೇಕಾದದ್ದು ಇದೇ. ಒಂದು ಸವಾರಿಯ ಅತಿ ಕೆಟ್ಟ ಪೆಟ್ಟಿಗೆ ಟ್ರಾವೆಲ್ ಪೂರ್ತಿ ಮುಗಿಯಬೇಕು, ಉಳಿದ ಹೊತ್ತಿನಲ್ಲಿ ಮುಗಿಯಬಾರದು.

160ಕ್ಕೂ 130ಕ್ಕೂ ನಡುವೆ 30 ಮಿಲಿಮೀಟರ್ ವ್ಯತ್ಯಾಸ ಅಂತ ನಾವು ಲೆಕ್ಕ ಹಾಕುತ್ತೇವಲ್ಲ, ಸವಾರಿಯಲ್ಲಿ ಅಷ್ಟು ಸಿಗುವುದಿಲ್ಲ. ಬೈಕಿನ ಮೇಲೆ ಕೂತ ಕೂಡಲೇ ನಮ್ಮ ತೂಕಕ್ಕೆ ಅದು ಒಂದಿಷ್ಟು ಕುಸಿಯುತ್ತದೆ, ಅದಕ್ಕೆ ಸ್ಯಾಗ್ ಅನ್ನುವುದು. ಹಿಂದೆ 30 ಶೇಕಡಾ ಸ್ಯಾಗ್ ಇಟ್ಟರೆ 160ರಲ್ಲಿ 48 ಕೂತಾಗಲೇ ಹೋಯಿತು, ಉಳಿದದ್ದು 112. 130ರಲ್ಲಿ 39 ಹೋಗಿ 91 ಉಳಿಯುತ್ತದೆ. ಪೆಟ್ಟಿಗೆ ಸಿಗುವ ಹೆಚ್ಚುವರಿ ಬರೇ 21 ಮಿಲಿಮೀಟರ್. ಅದಕ್ಕೆ ನಾವು ತೆರುವ ಬೆಲೆ ಏರಿನಲ್ಲಿ ಗೊತ್ತಾಗುತ್ತದೆ. ಕಡಿದಾದ ಏರಿನಲ್ಲಿ ತೂಕ ಹಿಂದಕ್ಕೆ ಜಾರಿ ಹಿಂಬದಿ ಇನ್ನಷ್ಟು ಕುಸಿಯುತ್ತದೆ, ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಅಲೆಯುತ್ತದೆ. ದೊಡ್ಡ ಟ್ರಾವೆಲ್ ಇರುವ ಬೈಕಿಗೆ ಗಟ್ಟಿ ಫ್ರೇಮು, ದಪ್ಪ ಫೋರ್ಕು, ಭಾರದ ಟಯರು ಬೇಕಾಗುವುದರಿಂದ ತೂಕವೂ ಒಂದೆರಡು ಕಿಲೊ ಏರುತ್ತದೆ. ಶಾಕಿನ ಲಿವರ್ ಎಳೆದು ಗಟ್ಟಿ ಮಾಡಿಕೊಳ್ಳಬಹುದು ನಿಜ. ಆದರೆ ನಮ್ಮ ಏರುಗಳೂ ಮುರಕಲ್ಲಿನವೇ. ಶಾಕ್ ಗಟ್ಟಿ ಮಾಡಿದರೆ ಹಿಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿದು ಹಿಡಿತ ಬಿಡುತ್ತದೆ. ಏರಿನಲ್ಲೂ ಶಾಕ್ ತೆರೆದಿಟ್ಟು ತುಳಿಯುವ ಹಾಗಿರಬೇಕು ಅನ್ನುವುದು ನನ್ನ ದೊಡ್ಡ ಷರತ್ತಾಗಿತ್ತು. 130 ಅದನ್ನು ಪೂರೈಸಿತು.

ಹಿಂದಿನದ್ದನ್ನು ಮೊದಲು ತೀರ್ಮಾನಿಸಿದ್ದಕ್ಕೆ ಕಾರಣ ಉಂಟು. ಫೋರ್ಕಿನ ಟ್ರಾವೆಲ್ ಅನ್ನು ಒಳಗಿನ ಏರ್ ಶಾಫ್ಟ್ ಎಂಬ ಕಂಬಿ ಬದಲಿಸಿ ಆಮೇಲೆ ಹತ್ತಿಪ್ಪತ್ತು ಮಿಲಿಮೀಟರ್ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಫೋರ್ಕಿನ ಮಿತಿಯೊಳಗೆ. ಹಿಂಬದಿಯ ಟ್ರಾವೆಲ್ ಫ್ರೇಮಿನಲ್ಲೇ ಬರೆದಿಟ್ಟದ್ದು. ನನ್ನ ಫ್ರೇಮಿನ ಶಾಕ್ 210x50, ಅಂದರೆ ಉದ್ದ 210, ಕಂಬಿ ಓಡುವುದು 50 ಮಿಲಿಮೀಟರ್, ಅದಕ್ಕೆ ಚಕ್ರ ಸರಿಯುವುದು 130. ಒಂದಕ್ಕೆ ಸರಾಸರಿ 2.6ರ ಲೆಕ್ಕ. ಕೆಲವು ಫ್ರೇಮುಗಳು 55ರ ಶಾಕನ್ನೂ ಒಪ್ಪುತ್ತವೆ, ಆಗ 143 ಆಗುತ್ತದೆ. ಕಂಪನಿ ಒಪ್ಪದೆ ಹಾಕಿದರೆ ಟಯರು ಹೋಗಿ ಫ್ರೇಮಿಗೆ ಬಡಿಯುತ್ತದೆ. ಫೋರ್ಕು 140ಕ್ಕೆ ನಿಲ್ಲಿಸಿದೆ. 150 ಮಾಡಿದ್ದರೆ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಫೋರ್ಕು ನಿಂತ ಓರೆ) ಸುಮಾರು ಅರ್ಧ ಡಿಗ್ರಿ ಮಲಗುತ್ತಿತ್ತು. ಇಳಿಜಾರಿಗೆ ಒಳ್ಳೆಯದು, ಆದರೆ ನಮ್ಮ ತಿರುವುಮುರುವಿನ ತೋಟದ ದಾರಿಗೆ ಬೇಕಾಗಿರಲಿಲ್ಲ. ಚಕ್ರ 29 ಇಂಚಿನದ್ದೇ ಇರಲಿ, ಮುರಕಲ್ಲಿನ ಹೊಂಡದ ಮೇಲೆ ಅದು ಸಲೀಸಾಗಿ ಉರುಳುತ್ತದೆ.

ಇನ್ನು ಹೊಂದಿಸುವ ಕೆಲಸ. ಟ್ರಾವೆಲ್ ಆರಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ತಂದದ್ದು ಇದು. ಅಂಗಳದ ಗೋಡೆಗೆ ಒಂದು ಮೊಣಕೈ ಊರಿ, ಶೂ ಹಾಕಿ, ಸವಾರಿಗೆ ಒಯ್ಯುವ ನೀರಿನ ಚೀಲವನ್ನೂ ಬೆನ್ನಿಗೆ ಏರಿಸಿ ಬೈಕ್ ಹತ್ತುತ್ತೇನೆ. ಎರಡು ಸಲ ಕುಪ್ಪಳಿಸಿ ಶಾಕಿನ ಅಂಟು ಬಿಡಿಸಿ, ಸುಮ್ಮನೆ ಕೂತು, ಮನೆಯವರ ಹತ್ತಿರ ಓ-ರಿಂಗನ್ನು ಸೀಲಿಗೆ ತಳ್ಳಿಸುತ್ತೇನೆ. ಆಮೇಲೆ ಬೈಕನ್ನು ಅಲುಗಾಡಿಸದೆ ಮೆಲ್ಲಗೆ ಇಳಿಯಬೇಕು. ರಿಂಗಿಗೂ ಸೀಲಿಗೂ ನಡುವೆ 15 ಮಿಲಿಮೀಟರ್ ಬಂದರೆ 50ಕ್ಕೆ 30 ಶೇಕಡಾ, ಸರಿಯಾಯಿತು. ಶಾಕಿನ ಗಾಳಿ ಎಷ್ಟರಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ದೇಹದ ತೂಕವನ್ನು ಪೌಂಡಿನಲ್ಲಿ ತೆಗೆದು ಅಷ್ಟೇ ಪಿಎಸ್ಐ ಹಾಕಿ ನೋಡಬಹುದು. 70 ಕಿಲೊದವರಿಗೆ 155ರ ಹತ್ತಿರ. ಅದು ಆರಂಭ ಮಾತ್ರ, ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಮುಂದಿನ ಫೋರ್ಕಿಗೆ 20 ಶೇಕಡಾ ಸ್ಯಾಗ್ ನನಗೆ ಹಿಡಿಸಿದೆ.

ಮುರಕಲ್ಲಿನವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ರಿಬೌಂಡಿಗೆ. ಒತ್ತಿಹೋದ ಸಸ್ಪೆನ್ಷನ್ ಎಷ್ಟು ಬೇಗ ಮರಳಿ ಏಳುತ್ತದೆ ಅನ್ನುವುದೇ ರಿಬೌಂಡ್, ಅದನ್ನು ಶಾಕ್, ಫೋರ್ಕಿನ ಮೇಲಿನ ಕೆಂಪು ತಿರುಪು ನಿರ್ಧರಿಸುತ್ತದೆ. ಅದು ನಿಧಾನವಾಗಿದ್ದರೆ ಮೊದಲ ಪೆಟ್ಟಿಗೆ ಕುಸಿದ ಚಕ್ರ ಪೂರ್ತಿ ಏಳುವ ಮುಂಚೆ ಎರಡನೆಯ ಪೆಟ್ಟು ಬೀಳುತ್ತದೆ, ಇನ್ನಷ್ಟು ಕುಸಿಯುತ್ತದೆ, ಮೂರನೆಯದು, ನಾಲ್ಕನೆಯದು. ಹತ್ತು ಮಾರು ಹೋಗುವಷ್ಟರಲ್ಲಿ ಬೈಕ್ ತನ್ನ ಟ್ರಾವೆಲಿನ ತಳದಲ್ಲಿ ಓಡುತ್ತಿರುತ್ತದೆ. ಸವಾರನಿಗೆ ಅನ್ನಿಸುವುದು "ಟ್ರಾವೆಲ್ ಸಾಲುವುದಿಲ್ಲ" ಅಂತ. ನಮ್ಮ ಕಡೆ ದೊಡ್ಡ ಬೈಕಿಗೆ ಹಾತೊರೆಯುವವರಲ್ಲಿ ಹಲವರ ಬೈಕ್ ನೋಡಿದ್ದೇನೆ, ರಿಬೌಂಡ್ ತಿರುಪು ಆಮೆಯ ಗುರುತಿನ, ಅಂದರೆ ನಿಧಾನದ ಕಡೆಗೆ ಪೂರ್ತಿ ತಿರುಗಿಸಿಟ್ಟಿರುತ್ತದೆ. ಒಂದೇ ಮುರಕಲ್ಲಿನ ತುಂಡು ದಾರಿ ಆರಿಸಿ, ಪ್ರತಿ ಸಲ ಎರಡೆರಡು ಕ್ಲಿಕ್ ವೇಗದ ಕಡೆಗೆ ತೆರೆಯುತ್ತಾ ಹೋಗಿ. ಕೈ ನಡುಕ ಕಡಿಮೆಯಾಗುತ್ತಾ ಬಂದು ಒಂದು ಹಂತದಲ್ಲಿ ಬೈಕ್ ಪುಟಿಯಲು ಶುರುವಾಗುತ್ತದೆ. ಅಲ್ಲಿಂದ ಒಂದು ಕ್ಲಿಕ್ ಹಿಂದೆ ಬಂದು ನಿಲ್ಲಿಸಿ.

ಟಯರಿನ ಗಾಳಿಯೂ ಸಸ್ಪೆನ್ಷನ್ನೇ. 2.4 ಇಂಚಿನ ಟ್ಯೂಬ್‌ಲೆಸ್ ಟಯರಿಗೆ ಮುಂದೆ 22, ಹಿಂದೆ 25 ಪಿಎಸ್ಐ ಇಟ್ಟಾಗ ಆ ಸಣ್ಣ ತೂತುಗಳ ಕಂಪನವನ್ನು ಟಯರೇ ನುಂಗುತ್ತದೆ, ಶಾಕಿನವರೆಗೆ ಬರುವುದು ಕಡಿಮೆ. ರಸ್ತೆಯ ಸೈಕಲಿನ ಅಭ್ಯಾಸದಲ್ಲಿ 40 ಹಾಕಿ ಓಡಿಸಿದರೆ 160 ಟ್ರಾವೆಲ್ ಇದ್ದೂ ಕೈ ನೋಯುತ್ತದೆ. ಕೋರೆಯ ಮೆಟ್ಟಿಲಿಗೆ ಶಾಕ್ ತಳ ಬಡಿಯುತ್ತಿದೆ ಅನ್ನಿಸಿದಾಗ ನಾನು ಶಾಕಿನ ಗಾಳಿ ಹೆಚ್ಚಿಸಲಿಲ್ಲ. ಒಳಗೆ ಒಂದು ವಾಲ್ಯೂಮ್ ಸ್ಪೇಸರ್, ಅಂದರೆ ಗಾಳಿಯ ಜಾಗ ಕಡಿಮೆ ಮಾಡುವ ತುಂಡು ಸೇರಿಸಿದೆ. ಗಾಳಿ ಹೆಚ್ಚಿಸಿದರೆ ಸ್ಯಾಗ್ ಹೋಗಿ ಮುರಕಲ್ಲಿನಲ್ಲಿ ಗಡುಸಾಗುತ್ತದೆ. ಸ್ಪೇಸರ್ ಆದರೆ ಮೊದಲ ಅರ್ಧವನ್ನು ಬಹುಮಟ್ಟಿಗೆ ಮೃದುವಾಗಿಯೇ ಬಿಟ್ಟು ಕೊನೆಯ ಭಾಗವನ್ನು ಬಿಗಿ ಮಾಡುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಜೂನ್ ಹಿಡಿದರೆ ಮುರಕಲ್ಲಿನ ಮೇಲೆ ಹಾವಸೆ ಹಿಡಿಯುತ್ತದೆ, ವೇಗ ತಾನಾಗಿ ಇಳಿಯುತ್ತದೆ, ಪೆಟ್ಟೂ ಇಳಿಯುತ್ತದೆ. ಆಗ ಟ್ರಾವೆಲ್ ಅಲ್ಲ, ಚಕ್ರ ನೆಲ ಬಿಡದೆ ಇರುವುದು ಮುಖ್ಯ. ನಾನು ಟಯರಿನ ಗಾಳಿ ಒಂದೆರಡು ಪಿಎಸ್ಐ ಇಳಿಸಿ ರಿಬೌಂಡ್ ಒಂದು ಕ್ಲಿಕ್ ತೆರೆಯುತ್ತೇನೆ. ಕೆಂಪು ಕೆಸರು ಸೀಲಿನ ಒಳಗೆ ಹೋಗುವುದಕ್ಕೆ ಮಾತ್ರ ಎಚ್ಚರ ಬೇಕು. ಫೋರ್ಕಿನ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸಲಿಕ್ಕೆ ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್‌ನವರು 50 ಗಂಟೆಯ ಸವಾರಿಗೊಮ್ಮೆ ಅನ್ನುತ್ತಾರೆ. ನಮ್ಮ ಕೆಸರಿಗೂ ಕಡಲ ಉಪ್ಪುಗಾಳಿಗೂ ನಾನು ಅದಕ್ಕಿಂತ ಮುಂಚೆಯೇ ಮಾಡುತ್ತೇನೆ. ಒಣಗಿದ ಸೀಲು ಸಣ್ಣ ಪೆಟ್ಟಿಗೆ ಅಲುಗುವುದಿಲ್ಲ, ಮುರಕಲ್ಲಿನಲ್ಲಿ ಇರುವುದೆಲ್ಲ ಸಣ್ಣ ಪೆಟ್ಟೇ.

ಎಲ್ಲರಿಗೂ 130 ಅಂತ ನಾನು ಹೇಳುತ್ತಿಲ್ಲ. ಮಲ್ಪೆ, ಕಾಪು ಕಡೆಯ ಮಣ್ಣುದಾರಿ, ಗದ್ದೆಯ ಬದಿ, ತೋಟದ ರಸ್ತೆಗಳಷ್ಟೇ ಸಾಕು ಅನ್ನುವವರಿಗೆ 120ರ ಫೋರ್ಕಿನ, ಹಿಂದೆ ಶಾಕ್ ಇಲ್ಲದ ಒಳ್ಳೆಯ ಹಾರ್ಡ್‌ಟೇಲ್ ಸಾಕು, ಹಣವೂ ಉಳಿಯುತ್ತದೆ. ಕಾರ್ಕಳದ ಕರಿಬಂಡೆಗಳ ಮೇಲಿಂದ ಇಳಿಯುವುದೇ ಮುಖ್ಯ, ಏರಿಗೆ ಬೈಕ್ ತಳ್ಳಿಕೊಂಡು ಹೋದರೂ ಆಯಿತು ಅನ್ನುವವರಿಗೆ 150-160 ಬೇಕೇ ಬೇಕು. ಅಲ್ಲಿನ ಇಳಿಜಾರಿನಲ್ಲಿ ಮುಂದಿನ ಚಕ್ರ ಸಿಕ್ಕಿಬಿದ್ದರೆ ಹಾರಿಬೀಳುವುದು ಗ್ರಾನೈಟಿನ ಮೇಲೆ. ವರ್ಷಕ್ಕೊಮ್ಮೆ ಘಟ್ಟ ಹತ್ತಿ ದೊಡ್ಡ ಇಳಿಜಾರು ಹುಡುಕುವ ಆಸೆ ನನಗೂ ಉಂಟು. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಅಂಥ ಒಂದು ದಿನಕ್ಕಾಗಿ ಉಳಿದ ದಿನಗಳೆಲ್ಲ ಭಾರದ ಬೈಕ್ ತುಳಿಯಲು ನಾನು ತಯಾರಿಲ್ಲ.

ಪೆರ್ಡೂರಿನ ಗೆಳೆಯರು ತಮ್ಮ 160 ಬಿಟ್ಟಿಲ್ಲ. ಅವರ ರಿಬೌಂಡ್ ನಾಲ್ಕು ಕ್ಲಿಕ್ ತೆರೆದು, ಟಯರಿನ ಗಾಳಿ ಇಳಿಸಿ ಕೊಟ್ಟಿದ್ದೇನೆ. ಇಳಿಜಾರಿನಲ್ಲಿ ಈಗಲೂ ಅವರೇ ಮುಂದೆ, ಏರಿನಲ್ಲಿ ನಾನು. ಕೊಳ್ಳುವ ಮುಂಚೆ ಯಾರದ್ದಾದರೂ ಬೈಕ್ ಓಡಿಸಿ ನೋಡುವುದಾದರೆ ಶಾಕ್ ಪಂಪ್ ಜೊತೆಗೆ ಒಯ್ಯಿರಿ, ಸ್ಯಾಗ್ ಇಡಲು ಹತ್ತು ನಿಮಿಷ ಕೇಳಿಕೊಳ್ಳಿ. ನೀವು ವಾರವಾರ ಹೋಗುವ ದಾರಿಯಲ್ಲೇ ಓಡಿಸಿ, ಓ-ರಿಂಗ್ ಎಲ್ಲಿ ನಿಂತಿದೆ ನೋಡಿ.