ಪಿಕಪ್ ಟೇಲ್‌ಗೇಟ್ ಕೆಟ್ಟಾಗ: ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ

ಟೆಕ್ಸಸ್‌ಗೆ ಬಂದ ನಮ್ಮವರು ಮೊದಲು ಕೊಳ್ಳುವುದು ಕ್ಯಾಮ್ರಿ ಅಥವಾ ಅಕಾರ್ಡ್ ಕಾರು. ಪಿಕಪ್ ನೋಡಿದರೆ ನಗು ಬರುತ್ತದೆ. ಇಷ್ಟು ದೊಡ್ಡ ಗಾಡಿಯಲ್ಲಿ ಒಬ್ಬನೇ ಕೂತು ಆಫೀಸಿಗೆ ಹೋಗ್ತಾನಲ್ಲ ಅಂತ. ಆಮೇಲೆ ಮನೆ ಆಗುತ್ತದೆ. ಹಿತ್ತಲಿಗೆ ಮಣ್ಣು, ಗೊಬ್ಬರ ತರಬೇಕಾಗುತ್ತದೆ. ಒಂದು ದಿನ ಹಳೇ ಪಿಕಪ್ ಬಂದು ಮನೆ ಮುಂದೆ ನಿಲ್ಲುತ್ತದೆ. ಅವತ್ತಿನಿಂದ ನೀವು ಕನ್ನಡ ಸಂಘದ ಸಾರ್ವಜನಿಕ ಆಸ್ತಿ. ರಾಜ್ಯೋತ್ಸವದ ಕುರ್ಚಿ, ಗಣೇಶನ ಮಂಟಪ, ಪಿಕ್ನಿಕ್ಕಿನ ಬಿಸಿಬೇಳೆಬಾತಿನ ಪಾತ್ರೆ, ಎಲ್ಲವೂ ನಿಮ್ಮ ಗಾಡಿಯ ಮೇಲೆಯೇ. ಇಷ್ಟೆಲ್ಲ ಹೊತ್ತಾಗ ಮೊದಲು ಏಟು ತಿನ್ನುವುದು ಹಿಂದಿನ ಡೋರು, ಅಂದರೆ ಟೇಲ್‌ಗೇಟ್.

ಟಾಟಾ ಏಸ್‌ನ ಹಿಂದಿನ ಡೋರು ನೆನಪಿದೆಯಲ್ವಾ? ಎರಡು ಕೊಂಡಿ, ಎರಡು ಸರಪಳಿ. ಮುರಿದರೆ ಪಕ್ಕದ ವೆಲ್ಡಿಂಗ್ ಅಂಗಡಿಯವನು ಅರ್ಧ ಗಂಟೆಯಲ್ಲಿ ಹಚ್ಚಿಕೊಡುತ್ತಾನೆ. ನೆಗ್ಗಿದ್ದರೆ ಟಿಂಕರಿಂಗ್‌ನವನು ಬಡಿದು ಬಡಿದು ಸರಿ ಮಾಡುತ್ತಾನೆ. ಯಾವುದಾದರೂ ಸಾಮಾನು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ, "ಅಣ್ಣಾ, ಇಂಥದ್ದೇ ಕೊಡಿ" ಅಂದರೆ ಮುಗಿಯಿತು. ಇದೇ ಅಭ್ಯಾಸವನ್ನು ಇಲ್ಲಿಗೂ ಹೊತ್ತು ತರುತ್ತೇವೆ. ಕೈ ಸುಟ್ಟುಕೊಳ್ಳುವುದು ಅಲ್ಲೇ. ಊರಲ್ಲಿ ಕೈಕೆಲಸ ಅಗ್ಗ, ಸಾಮಾನು ದುಬಾರಿ. ಇಲ್ಲಿ ಸಾಮಾನು ಸಿಗುತ್ತದೆ, ಕೈಕೆಲಸಕ್ಕೆ ಗಂಟೆಗೆ 100 ಡಾಲರ್ ಮೇಲೆ ಕೇಳುತ್ತಾರೆ. ಹಾಗಾಗಿ ಯಾರೂ ಬಡಿದು ಸರಿ ಮಾಡುವ ತಂಟೆಗೆ ಹೋಗುವುದಿಲ್ಲ. ಪೂರ್ತಿ ಕಿತ್ತು ಬೇರೆಯದು ಹಾಕುತ್ತಾರೆ. ಆ ಕೆಲಸ ನೀವೇ ಮಾಡಿಕೊಳ್ಳಬಹುದು ಅನ್ನುವುದಕ್ಕೇ ಇಷ್ಟು ಬರೆಯುತ್ತಿರುವುದು.

ಇನ್ಶೂರೆನ್ಸ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ಬೇರೆಯವರು ಗುದ್ದಿದರೆ ಅವರ ಇನ್ಶೂರೆನ್ಸ್ ಕೊಡಬೇಕು. ನೀವೇ ಕಂಬಕ್ಕೆ ಗುದ್ದಿದರೆ ನಿಮ್ಮ ಪಾಲಿಸಿಯ ಕೊಲಿಷನ್ ಭಾಗ, ಯಾರಾದರೂ ಕದ್ದರೆ ಕಾಂಪ್ರಿಹೆನ್ಸಿವ್ ಭಾಗ. ನಿಮ್ಮ ಡಿಡಕ್ಟಿಬಲ್, ಅಂದರೆ ಮೊದಲು ನಿಮ್ಮ ಕೈಯಿಂದಲೇ ಹೋಗುವ ಪಾಲು, 500 ಅಥವಾ 1000 ಡಾಲರ್ ಇದ್ದರೆ ಹಳೇ ಗಾಡಿಗೆ ಕ್ಲೇಮ್ ಮಾಡುವುದು ಸುಮ್ನೆ ದಂಡ. ಆ ಕ್ಲೇಮು 7 ವರ್ಷದವರೆಗೂ ದಾಖಲೆಯಲ್ಲಿ ಉಳಿಯಬಹುದು.

ಈಗ ಡೋರಿನ ಹತ್ತಿರ ಬನ್ನಿ. ಡೋರು ತೆರೆಯುತ್ತಿಲ್ಲ ಅಂದ ಕೂಡಲೇ ಡೋರೇ ಹೋಯಿತು ಅಂದುಕೊಳ್ಳಬೇಡಿ. ಬಹಳ ಸಲ ಹೋಗಿರುವುದು ಪ್ಲಾಸ್ಟಿಕ್ ಹಿಡಿ, ಇಲ್ಲವೇ ಒಳಗಿನ ಕಂಬಿಯನ್ನು ಹಿಡಿದಿರುವ ಸಣ್ಣ ಕ್ಲಿಪ್ಪು. ಹಿಡಿ ಎಳೆದಾಗ ಅದು ಎಡಕ್ಕೊಂದು, ಬಲಕ್ಕೊಂದು ಕಂಬಿಯನ್ನು ಎಳೆಯುತ್ತದೆ. ಕಂಬಿಗಳು ಎರಡು ತುದಿಯ ಚಿಲಕಗಳನ್ನು, ಅಂದರೆ ಲ್ಯಾಚ್‌ಗಳನ್ನು ಬಿಡಿಸುತ್ತವೆ. ಒಂದು ಬದಿ ಮಾತ್ರ ಬಿಡುತ್ತಿದ್ದರೆ ಆಚೆ ಬದಿಯ ಕಂಬಿಯ ಕ್ಲಿಪ್ಪು ಮುರಿದಿದೆ ಅಂತ ಲೆಕ್ಕ. ಎರಡೂ ಬಿಡದೆ ಹಿಡಿ ಸಡಿಲವಾಗಿ ಆಡುತ್ತಿದ್ದರೆ ಹಿಡಿಯೇ ಹೋಗಿದೆ. ಪರ್ಯಾಯ ಕಂಪನಿಯ (ಗಾಡಿ ಮಾಡಿದವರಲ್ಲದ ಬೇರೆಯವರ) ಹಿಡಿ ಹಳೇ ಫೋರ್ಡ್, ಶೆವಿ (ಶೆವ್ರೊಲೆ) ಗಾಡಿಗಳಿಗೆ 20ರಿಂದ 40 ಡಾಲರ್‌ಗೆ ಸಿಗುತ್ತದೆ.

ಆದರೆ ಡೋರು ಮುಚ್ಚಿದ ಹಾಗೇ ಸಿಕ್ಕಿಹಾಕಿಕೊಂಡಿದ್ದರೆ? ಮೀಟಬೇಡಿ. ಕಬ್ಬಿಣದ ಸರಳು ತಂದು ಮೀಟಿ, 30 ಡಾಲರಿನ ಕೆಲಸವನ್ನು ದೊಡ್ಡದು ಮಾಡಿಕೊಂಡವರು ನಮ್ಮಲ್ಲೇ ಇದ್ದಾರೆ. ಹೆಸರು ಬೇಡ, ಅವರು ಇದನ್ನು ಓದುತ್ತಾರೆ. ಗಾಡಿಯ ಬೆಡ್‌ (ಸಾಮಾನು ಹೇರುವ ಹಿಂದಿನ ತೊಟ್ಟಿ) ಒಳಗೆ ಹತ್ತಿ, ಡೋರಿನ ಒಳಮೈ ನೋಡಿ. ನಡುವೆ ಒಂದು ತಗಡಿನ ಮುಚ್ಚಳ ಇರುತ್ತದೆ, ಸುತ್ತ ಸ್ಕ್ರೂ. ಹೆಚ್ಚಿನವು ನಕ್ಷತ್ರದ ತಲೆಯ ಟಾರ್ಕ್ಸ್, ಕೆಲವು ಸಣ್ಣ ಬೋಲ್ಟು. ಮುಚ್ಚಳ ತೆಗೆದರೆ ಎರಡೂ ಕಂಬಿ ಕಣ್ಣಿಗೆ ಬೀಳುತ್ತವೆ. ಇಕ್ಕಳದಿಂದ ಒಂದೊಂದನ್ನೇ ನಡುವಿಗೆ ಎಳೆಯಿರಿ. ಟಕ್ ಅಂತ ಬಿಡುತ್ತದೆ. ಬಿಟ್ಟ ಕೂಡಲೇ ಡೋರು ಹೊರಕ್ಕೆ ಬೀಳುತ್ತದೆ, ಹಿಂದೆ ಮಕ್ಕಳು ನಿಂತಿರಬಾರದು. ಇದನ್ನೆಲ್ಲ ಬೆಳಿಗ್ಗೆಯೇ ಮಾಡಿ. ಜುಲೈ ಮಧ್ಯಾಹ್ನ ಟೆಕ್ಸಸ್‌ನಲ್ಲಿ ಆ ಬೆಡ್ಡು ಕಾದ ದೋಸೆಹಂಚು. ನಾನು ಅದರ ಮೇಲೆ ಬೆನ್ನು ಊರಿ ಮಲಗಿ ನೋಡಿದ್ದೇನೆ.

ಡೋರೇ ಬದಲಿಸಬೇಕು ಅಂತಾದರೆ ನನ್ನ ಕಥೆ ಕೇಳಿ, ಉಪಯೋಗಕ್ಕೆ ಬರುತ್ತದೆ. ನನ್ನದು 2004ರ ಫೋರ್ಡ್ ಎಫ್-150. ಆನ್‌ಲೈನ್‌ನಲ್ಲಿ ಒಬ್ಬರು "2004 ಎಫ್-150 ಟೇಲ್‌ಗೇಟ್, ಬಿಳಿ, ಒಂದು ನೆಗ್ಗೂ ಇಲ್ಲ" ಅಂತ ಹಾಕಿದ್ದರು. ವರ್ಷ ಅದೇ, ಗಾಡಿ ಅದೇ, ಬಣ್ಣ ಅದೇ. ಸ್ನೇಹಿತನ ಗಾಡಿ ಎರವಲು ಪಡೆದು, ಡ್ಯಾಲಸ್ ದಾಟಿ ಹೋಗಿ, ಚೌಕಾಸಿ ಮಾಡಿ, ಗೆದ್ದವನ ಹಾಗೆ ಹೊತ್ತು ತಂದೆ. ಕೂರಿಸಲು ಹೋದರೆ ಕೂರುತ್ತಿಲ್ಲ. ಎತ್ತರ ಕಡಿಮೆ, ಹಿಂಜ್ (ಡೋರು ತಿರುಗುವ ಕೀಲು) ಬೇರೆ. ಮಾರಿದವರು ಸುಳ್ಳು ಹೇಳಿರಲಿಲ್ಲ. 2004ರಲ್ಲಿ ಫೋರ್ಡ್ ಎರಡು ಎಫ್-150ಗಳನ್ನು ಒಟ್ಟಿಗೇ ಮಾರಿತ್ತು. ಪೂರಾ ಹೊಸ ಮಾದರಿ ಒಂದು, 1997ರಿಂದ ಬರುತ್ತಿದ್ದ ಹಳೇ ಮಾದರಿಗೆ ಹೆರಿಟೇಜ್ ಅಂತ ಹೆಸರಿಟ್ಟದ್ದು ಇನ್ನೊಂದು. ಹೊಸದರ ಬೆಡ್ ಆಳ ಜಾಸ್ತಿ. ನಾನು ತಂದದ್ದು ಹೆರಿಟೇಜಿನದು. ಮಾಡಿದ್ದುಣ್ಣೋ ಮಹಾರಾಯ ಅಂತ ಆ ಡೋರು ಬಹಳ ಕಾಲ ನಮ್ಮ ಗರಾಜಿನ ಗೋಡೆಗೆ ಒರಗಿ ನಿಂತಿತ್ತು. ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸುವ ಮಾತಾಡಿದಳು. ತಮಾಷೆಗೇ ಅಂದಳೋ ನಿಜಕ್ಕೂ ಅಂದಳೋ ನಾನು ಕೇಳಲು ಹೋಗಲಿಲ್ಲ.

ಆದ್ದರಿಂದ ವರ್ಷ ನೋಡಿ ಕೊಳ್ಳಬೇಡಿ. ವಿನ್ ನಂಬರ್ ಹಿಡಿದು ಹೊರಡಿ. ಮುಂದಿನ ಗಾಜಿನ ಕೆಳಗೆ ಡ್ರೈವರ್ ಬದಿಯಲ್ಲಿ ಕಾಣುವ 17 ಅಕ್ಷರಗಳ ನಂಬರ್ ಅದು. ಹತ್ತನೇ ಅಕ್ಷರ ಮಾದರಿಯ ವರ್ಷ ಹೇಳುತ್ತದೆ, ಆದರೆ ನನ್ನ ಕಥೆಯಲ್ಲಿ ಎರಡೂ ಗಾಡಿಗೆ ಅದು 4 ಅಂತಲೇ ಇರುತ್ತದೆ. ಪೂರ್ತಿ ನಂಬರನ್ನು ಡೀಲರ್‌ನ ಪಾರ್ಟ್ಸ್ ಕೌಂಟರಿನಲ್ಲಿ ಕೊಟ್ಟು ಸರಿಯಾದ ಪಾರ್ಟ್ ನಂಬರ್ ಕೇಳಿ. ಅಲ್ಲೇ ಕೊಳ್ಳಬೇಕು ಅಂತೇನಿಲ್ಲ. ನಂಬರ್ ಕೇಳಿ ಬರಿಗೈಲಿ ಬರಲು ನಮಗೆ ಸಂಕೋಚ. ಅವರಿಗೆ ಏನೂ ಅನ್ನಿಸುವುದಿಲ್ಲ.

ಬಣ್ಣದ ಕೋಡ್ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲಿರುತ್ತದೆ. ಹಳೇ ಶೆವಿ, ಜಿಎಂಸಿಗಳಲ್ಲಿ ಗ್ಲವ್ ಬಾಕ್ಸ್ ಒಳಗೂ ನೋಡಿ. ಬಿಳಿ ಗಾಡಿಯವರು ಪುಣ್ಯವಂತರು, ಅದೇ ಬಣ್ಣದ ಡೋರು ಬೇಗ ಸಿಗುತ್ತದೆ. ಕೆಂಪು, ನೀಲಿಯವರಿಗೆ ಕೋಡ್ ಒಂದೇ ಇದ್ದರೂ ಬಿಸಿಲಿಗೆ ಮಾಸಿದ್ದು ಎದ್ದು ಕಾಣುತ್ತದೆ. ಹಳೇ ಗಾಡಿ ತಾನೇ, ಬಿಟ್ಟಾಕಿ. ಹೊಸ ಡೋರು ತರಿಸುತ್ತೀರಾದರೆ ಒಂದು ಮಾತು. ಪರ್ಯಾಯ ಕಂಪನಿಯ ಡೋರು ಬರೀ ಪ್ರೈಮರ್ ಬಳಿದು ಬರುತ್ತದೆ. ಹಿಡಿ, ಲ್ಯಾಚು ಯಾವುದೂ ಇರುವುದಿಲ್ಲ. ಪೇಂಟ್ ಖರ್ಚು ಬೇರೆ, ಸಾಗಣೆ ಖರ್ಚು ಬೇರೆ. ಹಿಡಿ, ಕೇಬಲ್‌ನಂಥ ಸಣ್ಣ ಸಾಮಾನಿಗೆ ಆನ್‌ಲೈನ್ ಅಂಗಡಿ ರಾಕ್‌ಆಟೋ ಒಳ್ಳೆಯದು. ಡೋರಿಗೆ ಗುಜರಿಯೇ ಸರಿ. ಕಾರ್-ಪಾರ್ಟ್ ಡಾಟ್ ಕಾಮ್‌ನಲ್ಲಿ ವರ್ಷ, ಮಾದರಿ ಹಾಕಿದರೆ ಯಾವ ಗುಜರಿ ಯಾರ್ಡಿನಲ್ಲಿ ಇದೆ ಅಂತ ತೋರಿಸುತ್ತದೆ. ಯಾವ ವರ್ಷದ್ದು ಯಾವುದಕ್ಕೆ ಹೊಂದುತ್ತದೆ ಅನ್ನುವ ಲೆಕ್ಕಕ್ಕೆ ಇಲ್ಲಿ ಇಂಟರ್‌ಚೇಂಜ್ ಅನ್ನುತ್ತಾರೆ. ಯಾರ್ಡಿಗೆ ಫೋನ್ ಮಾಡಿದಾಗ ಆ ಪದ ಬಳಸಿ, ಎದುರಿನವರು ನಿಮ್ಮನ್ನು ಹೊಸಬ ಅಂದುಕೊಳ್ಳುವುದಿಲ್ಲ.

ನೀವೇ ಬಿಚ್ಚಿಕೊಳ್ಳುವ ಯಾರ್ಡುಗಳೂ ಇವೆ. ಪಿಕ್-ಎನ್-ಪುಲ್, ಎಲ್‌ಕೆಕ್ಯೂನವರ ಪಿಕ್ ಯುವರ್ ಪಾರ್ಟ್ ಅಂಥವು. ಒಳಗೆ ಹೋಗಲು ಒಂದೆರಡು ಡಾಲರ್. ಪಾನಾ, ಸ್ಕ್ರೂಡ್ರೈವರ್ ನಿಮ್ಮದೇ. ಕಾಲು ಮುಚ್ಚುವ ಶೂ ಬೇಕೇ ಬೇಕು, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಬೆಲೆ ಪಟ್ಟಿಯಲ್ಲಿ ಬರೆದದ್ದೇ ಬೆಲೆ. ನೆಗ್ಗಿದ ಡೋರಿಗೂ ನೆಗ್ಗದ ಡೋರಿಗೂ ಒಂದೇ ದರ ಇರುವುದರಿಂದ ಬೇಗ ಹೋದವರಿಗೆ ಲಾಭ.

ಅಂಥ ಒಂದು ಯಾರ್ಡಿನಲ್ಲಿ ನಾನು ಡೋರು ಬಿಚ್ಚಲಾಗದೆ ನಿಂತಿದ್ದೆ. ಪಕ್ಕದ ಶೆವಿಯ ರೇಡಿಯೇಟರ್ ಕಳಚುತ್ತಿದ್ದ ಒಬ್ಬರು ಎದ್ದು ಬಂದರು. ಅವರದು ಸ್ಪ್ಯಾನಿಷ್, ನನ್ನದು ಮೈಸೂರು ಇಂಗ್ಲಿಷ್. ಡೋರು ಅರ್ಧ ಎತ್ತಿ ಹಿಡಿಯಲು ಸನ್ನೆ ಮಾಡಿದರು. ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ, ತೆರೆದ ಡೋರನ್ನು ಹಿಡಿದಿರುವ ಕೇಬಲ್ ಕೊನೆಯ ಸ್ಪ್ರಿಂಗ್ ಕ್ಲಿಪ್ಪನ್ನು ಒಂಚೂರು ಎತ್ತಿ, ಕೇಬಲನ್ನು ಗುಬುಟಿನಿಂದ ಜಾರಿಸಿದರು. ಆ ಕಡೆಯದೂ ಹಾಗೇ. ಡೋರು ಸುಮಾರು 45 ಡಿಗ್ರಿಗೆ ಬಂದಾಗ ಬಲಗಡೆ ಹಿಂಜ್ ತನ್ನ ತೂತಿನಿಂದ ಮೇಲೆದ್ದಿತು. ಆಮೇಲೆ ಬಲಕ್ಕೆ ಸರಿಸಿದರೆ ಎಡಗಡೆಯದೂ ಬಿಟ್ಟಿತು. ಬಹಳಷ್ಟು ಗಾಡಿಗಳಲ್ಲಿ ಕ್ರಮ ಇದೇ. ನಾನು ಅಷ್ಟೊತ್ತು ಇಲ್ಲದ ಬೋಲ್ಟಿಗೆ ಹುಡುಕುತ್ತಿದ್ದೆ. ದುಡ್ಡು ಕೊಡಲು ಹೋದರೆ ಕೈ ಆಡಿಸಿ ಬೇಡ ಅಂದು ರೇಡಿಯೇಟರಿಗೆ ವಾಪಸ್ ಹೋದರು.

ಹೊಸ ಗಾಡಿಯವರು ಡೋರು ಎತ್ತುವ ಮುಂಚೆ ಕ್ಯಾಮೆರಾ ವೈರು ಬಿಡಿಸಿ. 2018ರ ಮೇ ತಿಂಗಳಿಂದ ಇಲ್ಲಿ ತೀರಾ ಭಾರದವನ್ನು ಬಿಟ್ಟು ಪ್ರತಿ ಹೊಸ ಗಾಡಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ. ಪಿಕಪ್‌ನಲ್ಲಿ ಅದು ಸಾಮಾನ್ಯವಾಗಿ ಡೋರಿನಲ್ಲೇ ಇರುತ್ತದೆ. ವೈರು ಮರೆತು ಎಳೆದರೆ ಅದರ ಖರ್ಚು ಡೋರಿಗಿಂತ ಜಾಸ್ತಿಯಾದೀತು. ಕೊಳ್ಳುವಾಗಲೂ ಕ್ಯಾಮೆರಾ ಇರುವ ಡೋರೋ ಇಲ್ಲದ್ದೋ ಕೇಳಿ. ಇನ್ನು ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ಉಕ್ಕಿನ ಡೋರಿನ ಮೇಲೆ ಆಡಿಸಿ, ಒಂದು ಕಡೆ ಹಿಡಿಯದಿದ್ದರೆ ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. 2015ರಿಂದ ಈಚೆಯ ಎಫ್-150ಗೆ ಈ ಪರೀಕ್ಷೆ ನಡೆಯದು. ಅದರ ಮೈಯೆಲ್ಲ ಅಲ್ಯೂಮಿನಿಯಂ, ಎಲ್ಲೂ ಹಿಡಿಯುವುದಿಲ್ಲ.

ಖರ್ಚು ಮಾಡುವ ಮುಂಚೆ ಎನ್‌ಎಚ್‌ಟಿಎಸ್‌ಎ (ಇಲ್ಲಿನ ಸರ್ಕಾರದ ರಸ್ತೆ ಸುರಕ್ಷತೆ ಇಲಾಖೆ) ಜಾಲತಾಣದಲ್ಲಿ ವಿನ್ ಹಾಕಿ ರೀಕಾಲ್ ಇದೆಯಾ ನೋಡಿ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸ್ ಕರೆದಿದೆಯಾ ಅಂತ. 2018ರಲ್ಲಿ 2015ರಿಂದ 2017ರವರೆಗಿನ ಲಕ್ಷಾಂತರ ರಾಮ್ ಪಿಕಪ್‌ಗಳನ್ನು ವಾಪಸ್ ಕರೆದಿದ್ದರು, ಓಡುವಾಗ ಡೋರು ತೆರೆದುಕೊಳ್ಳಬಹುದು ಅಂತ. ಅದಕ್ಕೂ ಮೊದಲು, 2004ರಲ್ಲಿ, ಜನರಲ್ ಮೋಟಾರ್ಸ್ ಸುಮಾರು 40 ಲಕ್ಷ ಪಿಕಪ್‌ಗಳನ್ನು ಕರೆಯಿತು. ಡೋರು ಹಿಡಿದಿರುವ ಕೇಬಲ್ ಪ್ಲಾಸ್ಟಿಕ್ ಹೊದಿಕೆಯ ಒಳಗೇ ತುಕ್ಕು ಹಿಡಿದು ತುಂಡಾಗುತ್ತಿತ್ತು. ನಮ್ಮ ಪಿಕ್ನಿಕ್‌ಗಳಲ್ಲಿ ಬಡಿಸುವವರು ಕೂರುವುದು ತೆರೆದ ಡೋರಿನ ಮೇಲೆಯೇ ಅಲ್ವಾ. ಹಳೇ ಗಾಡಿ ಕೊಂಡರೆ ಮೊದಲು ಆ ಎರಡು ಕೇಬಲ್ ಬದಲಿಸಿ. ಕೆಲವೇ ಡಾಲರಿನ ಮಾತು.

ಟೇಲ್‌ಗೇಟ್ ಕಳ್ಳತನ ಟೆಕ್ಸಸ್‌ನಲ್ಲಿ ಹೊಸದೇನಲ್ಲ. ಮೇಲೆ ಹೇಳಿದ ಹಾಗೆ, ತಿಳಿದವರಿಗೆ ಅದು ಕ್ಷಣದ ಕೆಲಸ. ಬೀಗ ಇರುವ ಹಿಡಿ ಹಾಕಿಸಿ. ಬಲಗಡೆ ಹಿಂಜ್‌ಗೆ ಹಾರ್ಡ್‌ವೇರ್ ಅಂಗಡಿಯ ಹೋಸ್ ಕ್ಲ್ಯಾಂಪ್ ಒಂದು ಬಿಗಿದರೆ ಡೋರು ಸುಲಭಕ್ಕೆ ಮೇಲೇಳುವುದಿಲ್ಲ. ಅದಕ್ಕೇ ತೀರಾ ಅಗ್ಗದ ಡೋರು ಕಂಡರೆ ಅನುಮಾನ ಪಡಿ. ಪಾರ್ಕಿಂಗ್ ಲಾಟಿನಲ್ಲೇ ಕೊಡುತ್ತೇನೆ, ನಗದೇ ಬೇಕು ಅನ್ನುವವರ ಹತ್ತಿರ ಹೋಗಬೇಡಿ.

ಒಂದು ವಿಷಯ ಇಲ್ಲಿ ಬಂದ ಮೇಲೆಯೇ ನನ್ನ ತಲೆಗೆ ಹೊಕ್ಕಿದ್ದು. ನಮ್ಮನ್ನು ಇಂಜಿನಿಯರಿಂಗ್ ಓದಿಸಿದ್ದೇ ಕೈಗೆ ಗ್ರೀಸ್ ಹತ್ತಬಾರದು ಅಂತ. ಆಯುಧಪೂಜೆ ದಿನ ಪಾನಾಗೂ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕೈಮುಗಿಯುತ್ತಿದ್ದೆವು. ಮಾರನೇ ದಿನ ಅದನ್ನು ಹಿಡಿಯುವುದು ಬೇರೆಯವರ ಮಕ್ಕಳು. ಅಪ್ಪನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಹುಡುಗ ನನಗಿಂತ ಚಿಕ್ಕವನು. ನಾನು ಗ್ಯಾರೇಜಿನ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಅವನು ಏನು ಮಾಡುತ್ತಿದ್ದಾನೆ ಅಂತ ಒಂದು ದಿನವೂ ಬಗ್ಗಿ ನೋಡಲಿಲ್ಲ. ಈಗ ಡ್ರೈವ್‌ವೇಯಲ್ಲಿ ನಾನು ಮಲಗಿದ್ದರೆ ಮಗಳು ಟಾರ್ಚ್ ಹಿಡಿಯುತ್ತಾಳೆ. ಅವಳಿಗೆ ಅದರಲ್ಲಿ ವಿಶೇಷ ಏನೂ ಇಲ್ಲ, ಎದುರು ಮನೆ ಅಪ್ಪನೂ ಭಾನುವಾರ ಹಾಗೇ ಮಲಗಿರುತ್ತಾರೆ. ನನಗೆ ಮಾತ್ರ ಆ ಗ್ಯಾರೇಜು ನೆನಪಾಗುತ್ತದೆ. ಅಲ್ಲಿ ಸ್ಕೂಟರ್ ಬಿಟ್ಟರೆ ಚಹಾ ಬರುತ್ತಿತ್ತು, ಅಪ್ಪನ ಮೊಣಕಾಲು ನೋವಿನ ವಿಚಾರಣೆಯೂ ಆಗುತ್ತಿತ್ತು. ಇಲ್ಲಿ 17 ಅಕ್ಷರ ಹೇಳಿದರೆ ಕೆಲಸ ಆಗುತ್ತದೆ. ಮಗಳಿಗೆ ಇದರಲ್ಲಿ ಏನು ಕಡಿಮೆ ಆಗಿದೆ ಅಂತ ವಿವರಿಸಲು ಹೋಗಿ ಸೋತಿದ್ದೇನೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಪ್ಪಾ, ಸ್ಕ್ರೂ ಬಿತ್ತು" ಅಂದಳು.

ಕೊನೆಗೆ ಕೂರಿಸುವ ಕೆಲಸ. ಬಿಚ್ಚಿದ್ದರ ತಿರುಗುಮುರುಗು. ಎಡಗಡೆ ಹಿಂಜ್ ಮೊದಲು, ಬಲಗಡೆಯದು ಆಮೇಲೆ, ನಂತರ ಕೇಬಲ್. ಲ್ಯಾಚ್‌ಗೆ ಬಿಳಿ ಲಿಥಿಯಂ ಗ್ರೀಸ್ ಸ್ವಲ್ಪ ಹಚ್ಚಿ, ಕೈಯಿಂದ ತೆರೆದು ಮುಚ್ಚಿ ನೋಡಿ. ಮುಚ್ಚಿದಾಗ ಎರಡೂ ಬದಿ ಸದ್ದು ಒಟ್ಟಿಗೆ ಬರಬೇಕು. ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ, ಇಬ್ಬರು ಬೇಕು. ಹೋದ ವರ್ಷ ಸೋಫಾ ಸಾಗಿಸಲು ನಿಮ್ಮ ಪಿಕಪ್ ಒಯ್ದವರು ಇದ್ದಾರಲ್ಲ, ಅವರಿಗೇ ಫೋನ್ ಮಾಡಿ.